ಗೋಲಿಗಿಷ್ಟು, ಬೈಗುಳಕ್ಕಿಷ್ಟು

ಬಸ್ ಕಂಡಕ್ಟರ್ ಆದವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅದೇ ಬಂದು ಬಸ್ಸು ಹತ್ತಿ ಟಿಕೆಟ್ ಕೇಳುತ್ತದೆ. ಮಾಗಡಿ, ರಾಮನಗರ, ಕನಕಪುರದ ರಸ್ತೆಗಳಲ್ಲಿ ಇಷ್ಟು ವರ್ಷ ಓಡಾಡಿದ ಮೇಲೆ ನನಗೆ ಅದು ಅಭ್ಯಾಸವಾಗಿದೆ. ಆದರೆ ಟಿಕೆಟ್ ಇಲ್ಲದೆಯೇ ಹತ್ತಿಕೊಂಡು, ಇನ್ನೂ ಇಳಿಯದೆ ಕೂತಿರುವ ತಮಾಷೆಗಳು ಕೆಲವಿವೆ. ಅವೆಲ್ಲ ನಮ್ಮ ಫುಟ್‌ಬಾಲ್ ತಂಡದವು.

ಕೆಟ್ಟು ನಿಂತ ಬಸ್ಸು

ಹೋದ ವರ್ಷ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಓಡಾಟ. ದೂರದಿಂದ ಬರುವ ರೋಗಿಗಳಿಗೆ, ಜೊತೆಯವರಿಗೆ ಇರಲು ಕೋಣೆ, ಎರಡು ಹೊತ್ತು ಊಟ ಕೊಡುವ ಒಂದು ಟ್ರಸ್ಟಿನ ಮನೆ ಆಸ್ಪತ್ರೆಯ ಹತ್ತಿರವೇ ಇದೆ. ಕಿಮೋ ಮುಗಿಯುವವರೆಗೂ ನಾವು ಅಲ್ಲೇ ಉಳಿಯುತ್ತಿದ್ದೆವು. ಅವರು ನಮ್ಮ ಜಾತಿ ಕೇಳಲಿಲ್ಲ, ಕಾಸು ಕೇಳಲಿಲ್ಲ. ಇನ್ನೊಂದು ಸೌಟು ಸಾರು ಬೇಕಾ ಅಂತ ಮಾತ್ರ ಕೇಳುತ್ತಿದ್ದರು.

ಇದನ್ನು ನಾನು ರಾಮನಗರದಲ್ಲಿ ಭಾಯ್‌ಗೆ ಹೇಳಿದೆ. ಭಾಯ್ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಇಟ್ಟುಕೊಂಡಿರುವವರು. ಸ್ಕೂಲಿನ ದಿನದಿಂದ ನಮ್ಮ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಆ ಮನೆಗೆ ನಾವೂ ಏನಾದರೂ ಕೊಡಬೇಕು, ಒಂದು ಚಾರಿಟಿ ಪಂದ್ಯ ಆಡಿ ದುಡ್ಡು ಎತ್ತೋಣ ಅಂತ ಅವರು ಕೂತ ಜಾಗದಲ್ಲೇ ತೀರ್ಮಾನ ಮಾಡಿಬಿಟ್ಟರು. ನಾವು ಬಾಲು ಮುಟ್ಟಿ ಎಷ್ಟು ಕಾಲವಾಯಿತು, ಹೊಟ್ಟೆ ಎಷ್ಟು ಮುಂದೆ ಬಂದಿದೆ ಅನ್ನುವುದು ಯಾರಿಗೂ ನೆನಪಾಗಲಿಲ್ಲ.

ಮೊದಲ ಭಾನುವಾರ ಬೆಳಿಗ್ಗೆ ಎಲ್ಲರೂ ಮೈದಾನಕ್ಕೆ ಬಂದೆವು. ನಾನು ಗೋಲ್‌ಕೀಪರ್. ಜೇಬಲ್ಲಿ ಸೀಟಿ ಇರುವವನು ನಾನೊಬ್ಬನೇ ಆದ್ದರಿಂದ ಪ್ರಾಕ್ಟೀಸಿಗೆ ರೆಫರಿಯೂ ನಾನೇ ಆದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಯಾರೋ ಎಡವಿ ಬಿದ್ದರು. ಅಭ್ಯಾಸಬಲ, ಒಂದು ಸೀಟಿ ಊದಿ "ಹೋಲ್ಡಾನ್" ಅಂದೆ. ಎಲ್ಲರೂ ನಿಂತರು. ಬಿದ್ದವನನ್ನು ಎತ್ತಿ ಕೂರಿಸಿದ ಮೇಲೆ ಎರಡು ಸೀಟಿ ಊದಿ "ರೈಟ್, ರೈಟ್" ಅಂದೆ. ಒಬ್ಬನೂ ಅಲ್ಲಾಡಲಿಲ್ಲ. ತಿರುಗಿ ನೋಡಿದರೆ ಇಡೀ ತಂಡ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದೆ. ಭಾಯ್ ಮಲಗಿದ ಕಡೆಯಿಂದಲೇ ಕೈ ಎತ್ತಿ ಹೇಳಿದರು: "ಕಂಡಕ್ಟ್ರಣ್ಣ, ಬಸ್ ಕೆಟ್ಟೋಯ್ತು. ನಮ್ಮನ್ನೆಲ್ಲ ಹಿಂದಿನ ಬಸ್ಸಿಗೆ ಹತ್ಸಿಬಿಡಿ."

ಖಾಲಿ ಜಾಗ

ಪಂದ್ಯಕ್ಕೆ ಒಂದು ಬ್ಯಾನರ್ ಬೇಕಲ್ಲ. 'ಕ್ಯಾನ್ಸರ್ ವಿರುದ್ಧ ಹೋರಾಟ, ಎಲ್ಲರೂ ಬನ್ನಿ' ಅಂತ ಬರೆಸೋಣ ಅಂದೆ. ತಂಡದಲ್ಲಿ ಗುಸುಗುಸು ಶುರುವಾಯಿತು. ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಅದು' ಅನ್ನುತ್ತಾರೆ. ತೀರಾ ಧೈರ್ಯ ಇರುವವರು 'ದೊಡ್ಡ ಕಾಯಿಲೆ' ಅನ್ನುತ್ತಾರೆ. ಆ ಹೆಸರು ಬರೆದ ಬ್ಯಾನರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರೆ ಮನೆಯೊಳಕ್ಕೆ ಸೇರಿಸುವುದಿಲ್ಲ ಅಂತ ಇಬ್ಬರ ತಾಯಂದಿರು ಆಗಲೇ ಹೇಳಿಯೂ ಬಿಟ್ಟಿದ್ದರಂತೆ.

ಚರ್ಚೆ ಬಗೆಹರಿಯಲೇ ಇಲ್ಲ. ಬ್ಯಾನರ್ ಮಾಡುವವನಿಗೆ ಮೂರು ಜನ ಮೂರು ಥರ ಫೋನ್ ಮಾಡಿದರು. ಅವನು ಯಾರ ಉಸಾಬರಿಯೂ ಬೇಡವೆಂದು ಆ ಒಂದು ಪದದ ಜಾಗವನ್ನು ಖಾಲಿ ಬಿಟ್ಟು ಪ್ರಿಂಟ್ ಹಾಕಿಬಿಟ್ಟ. ಮೈಸೂರು ರಸ್ತೆಯ ಮೇಲೆ ಬ್ಯಾನರ್ ಏರಿತು: ಮೊದಲಿಗೆ ಒಂದು ಮಾರು ಬಿಳೀ ಜಾಗ, ಆಮೇಲೆ 'ವಿರುದ್ಧ ಹೋರಾಟ, ಎಲ್ಲರೂ ಬನ್ನಿ'.

ಮಾರನೇ ದಿನ ಬೆಳಗಾಗುವಷ್ಟರಲ್ಲಿ ಆ ಬಿಳೀ ಜಾಗದಲ್ಲಿ ಯಾರೋ ಇದ್ದಿಲು ಹಿಡಿದು ದಪ್ಪ ಅಕ್ಷರದಲ್ಲಿ ನಮ್ಮ ವಾರ್ಡಿನ ಕೌನ್ಸಿಲರ್ ಹೆಸರು ಬರೆದಿದ್ದರು. ಕೌನ್ಸಿಲರ್ ಕೆಂಡಾಮಂಡಲವಾಗಿ ಭಾಯ್ ಫಿಲೇಚರಿಗೆ ಬಂದರು. ತಮ್ಮ ವಿರುದ್ಧ ಹೋರಾಟಕ್ಕೆ ಚಂದಾ ಎತ್ತುತ್ತಿದ್ದೀರಂತೆ, ಜನ ಸಂತೋಷವಾಗಿ ಕೊಡುತ್ತಿದ್ದಾರಂತೆ ಅಂತ ಕೂಗಾಡಿದರು. ಭಾಯ್ ಅವರನ್ನು ಕೂರಿಸಿ, ಟೀ ತರಿಸಿ, ಹೋರಾಟ ಕಾಯಿಲೆಯ ವಿರುದ್ಧ ಅಂತ ಬಿಡಿಸಿ ಹೇಳಿದರು. ಕೌನ್ಸಿಲರ್ ತಣ್ಣಗಾದರು. ಹೊಸ ಬ್ಯಾನರಿನ ಖರ್ಚನ್ನು ತಾವೇ ಕೊಟ್ಟು, ಆ ಪದವನ್ನು ಎಲ್ಲಕ್ಕಿಂತ ದೊಡ್ಡದಾಗಿ ಬರೆಸಬೇಕು ಅಂತ ಕೈಮುಗಿದು ಕೇಳಿಕೊಂಡರು. ಇಡೀ ಜಿಲ್ಲೆಯಲ್ಲಿ 'ಕ್ಯಾನ್ಸರ್' ಅಂತ ಅಷ್ಟು ದಪ್ಪಗೆ ಬರೆಸಿದ ಮೊದಲ ರಾಜಕಾರಣಿ ಅವರೇ ಇರಬೇಕು.

ಹಲ್ಲು ನೋಡಿದ ದಲ್ಲಾಳಿ

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನ್ನ ಹೆಂಡತಿಯ ಬಾಯಿ ನಮ್ಮ ಬೀದಿಯಲ್ಲೇ ಹೆಸರುವಾಸಿ. ಮದುವೆಯಾದಾಗಿನಿಂದ ನನಗೆ ಕಾಫಿಯ ಜೊತೆ ಒಂದು, ಊಟದ ಜೊತೆ ಎರಡು ಬೈಗುಳ ಬೀಳದ ದಿನ ಇರಲಿಲ್ಲ. ಕಾಯಿಲೆ ಬಂದ ಮೇಲೆ ಅದು ನಿಂತುಹೋಯಿತು. ಕೂದಲು ಉದುರಿದ ಮೇಲಂತೂ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಜನ ತಲೆ ನೋಡುತ್ತಾರೆ ಅನ್ನುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಹೋದರೂ ಸುಮ್ಮನೆ ನೋಡಿ ಮುಖ ತಿರುಗಿಸುತ್ತಿದ್ದಳು. ಕಿಮೋ ಮುಗಿದಿದೆ, ಔಷಧಿ ಚೆನ್ನಾಗಿ ಹಿಡಿದಿದೆ, ಇನ್ನು ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಅಂತ ಡಾಕ್ಟರು ಹೇಳಿದ್ದರು. ಮನಸ್ಸು ಗಟ್ಟಿಯಾಯಿತೋ ಇಲ್ಲವೋ ತಿಳಿಯಲು ನನ್ನ ಹತ್ತಿರ ಇದ್ದದ್ದು ಒಂದೇ ದಾರಿ: ಅವಳು ನನಗೆ ಬೈಯಬೇಕು. ನಿಜ ಹೇಳುತ್ತೇನೆ, ಒಂದು ಬೈಗುಳ ಕೇಳಲು ನಾನು ಕಾತರಿಸಿ ಕೂತಿದ್ದೆ.

ನೋಡಲು ಬರುವವರು ಬೇರೆ ಇನ್ನಷ್ಟು ಕೆಡಿಸುತ್ತಿದ್ದರು. ಎಳನೀರು, ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಬಂದು ಎದುರಿಗೆ ಕೂತು, ತಮ್ಮ ದೊಡ್ಡಮ್ಮನಿಗೂ ಇದೇ ಆಗಿತ್ತು, ಚೆನ್ನಾಗೇ ಇದ್ದರು ಪಾಪ, ಆಮೇಲೆ ಹೋಗಿಬಿಟ್ಟರು ಅಂತ ಕಣ್ಣೊರೆಸಿಕೊಳ್ಳುವರು. ಕೊನೆಗೆ ಬ್ರೆಡ್ಡನ್ನೂ ತಾವೇ ತಿಂದು ಹೋಗುವರು.

ಒಂದು ದಿನ ನಮ್ಮ ತಂಡದ ಬ್ಯಾಕ್ ಆಟಗಾರ ಬಂದ. ಕೋಡಿಹಳ್ಳಿ ಕಡೆಯವನು, ದನದ ದಲ್ಲಾಳಿ. ಹೆಗಲ ಮೇಲೆ ಟವಲ್ ಇಲ್ಲದೆ ಅವನನ್ನು ಯಾರೂ ನೋಡಿಲ್ಲ. ಬಾಲು ಆಡುವಾಗಲೂ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಅವನು ಪಾಪ ಅನ್ನಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಎದುರಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಹೆಂಡತಿಯನ್ನು ಒಂದು ಸಲ ಮೇಲಿಂದ ಕೆಳಕ್ಕೆ, ಒಂದು ಸಲ ಕೆಳಗಿಂದ ಮೇಲಕ್ಕೆ ನೋಡಿದ. ಊಟ ಸೇರುತ್ತದಾ ಅಂತ ಕೇಳಿದ. ಸೇರುತ್ತೆ ಅಂತ ಅವಳು ಬಾಯಿ ತೆಗೆದಾಗ ಒಸಿ ಬಗ್ಗಿ ಹಲ್ಲನ್ನೂ ನೋಡಿಕೊಂಡ.

"ನೋಡವ್ವ, ನಾನು ಸುಳ್ ಹೇಳಾಕಿಲ್ಲ," ಅಂದ. "ಹಲ್ಲು ಗಟ್ಟಿ ಅವೆ, ಕಣ್ಣಾಗೆ ಕಳೆ ಐತೆ, ಮೇವು ಬುಟ್ಟಿಲ್ಲ. ಇನ್ನೂ ಬೋ ವರ್ಸ ಏನೂ ಆಗಾಕಿಲ್ಲ, ಎದ್ರುಕೋಬ್ಯಾಡ."

ನನ್ನ ಹೆಂಡತಿ ಬೆಚ್ಚಿ ಅವನ ಮುಖ ನೋಡಿದಳು. ಅಷ್ಟು ದಿನದಲ್ಲಿ ಅವಳ ತುಟಿಯ ಅಂಚು ಮೇಲೆ ಹೋದದ್ದು ನಾನು ನೋಡಿದ್ದು ಅದೇ ಮೊದಲು. ಅವನನ್ನು ಕಳಿಸಲು ಬಾಗಿಲವರೆಗೆ ಹೋದೆ. ಅವನು ನನ್ನ ಕಿವಿಯ ಹತ್ತಿರ ಬಂದು, ಒಳಗೆ ಕೇಳಿಸುವ ಹಾಗೆ ಗುಟ್ಟು ಹೇಳಿದ: "ದಿನಾ ಸಂಜೆ ಒಸಿ ಹುರುಳಿ ಬೇಯ್ಸಿ ಹಾಕು. ಹೊಲದ್ ಗೇಯ್ಮೆಗೆ ಮಾತ್ರ ಈಗ್ಲೇ ಹೂಡ್ಬ್ಯಾಡ."

ಟವಲ್ಲಿನ ಕೆಳಗೆ

ದೊಡ್ಡ ದಾನಿ ಒಬ್ಬರು ಬೇಕಿತ್ತು. ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಇಟ್ಟಿರುವ ಒಬ್ಬರ ಹತ್ತಿರ ಹೋದೆವು: ಭಾಯ್, ದಲ್ಲಾಳಿ, ನಾನು. ಅಂಗಡಿಯವರು ಮರ್ಯಾದಸ್ಥರು, ಆದರೆ ಕೈ ಸ್ವಲ್ಪ ಬಿಗಿ. ಸುತ್ತಲೂ ಗಿರಾಕಿಗಳು, ಮಧ್ಯೆ ಬಣ್ಣದ ಮರದ ಕುದುರೆಗಳು. ಅಷ್ಟು ಜನರ ಎದುರಿಗೆ ಎಷ್ಟು ಕೊಡುತ್ತೀರಿ ಅಂತ ಕೇಳುವುದು ಹೇಗೆ ಅಂತ ಭಾಯ್ ಮುಜುಗರಪಟ್ಟುಕೊಂಡರು.

ದಲ್ಲಾಳಿಗೆ ಅದರ ಚಿಂತೆ ಇಲ್ಲ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯೇ ಇಲ್ಲ. ಕೊಳ್ಳುವವನೂ ಮಾರುವವನೂ ಟವಲ್ಲಿನ ಕೆಳಗೆ ಕೈ ಸೇರಿಸುತ್ತಾರೆ; ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಅವನು ಅಂಗಡಿಯವರ ಕೈ ಹಿಡಿದು ಮೇಲೆ ಟವಲ್ ಹೊದಿಸಿ, ಗೋಲಿಗೆ ಇಷ್ಟು ಅಂತ ಮಾತಾಡೋಣ ಅಂದು ಒಂದು ಬೆರಳು ಹಿಡಿದ.

ಪಾಪ, ಗೊಂಬೆ ಅಂಗಡಿಯವರಿಗೆ ಈ ಭಾಷೆ ಬರುವುದಿಲ್ಲ. ಹಳ್ಳಿಯವರು ಪ್ರೀತಿಯಿಂದ ಕೈ ಹಿಡಿದಿದ್ದಾರೆ ಅಂದುಕೊಂಡು, ಅವರೂ ಪ್ರೀತಿಯಿಂದ ಅವನ ಐದೂ ಬೆರಳನ್ನು ಗಟ್ಟಿಯಾಗಿ ಅಮುಕಿದರು. ದಲ್ಲಾಳಿ ಟವಲ್ ಕೊಡವಿ ಎದ್ದು, ಗೋಲಿಗೆ ಐದು ಸಾವಿರ, ಯಾವ ಕಡೆಯವರು ಹೊಡೆದರೂ ಸರಿ, ಧರ್ಮಾತ್ಮರು ಅಂತ ಇಡೀ ಅಂಗಡಿಗೆ ಕೇಳುವಂತೆ ಸಾರಿದ. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅಂಗಡಿಯವರ ಮುಖ ಅರಗು ಹಚ್ಚದ ಗೊಂಬೆಯ ಹಾಗೆ ಬಿಳಿಚಿಕೊಂಡಿತು, ಆದರೆ ಅಷ್ಟು ಜನರ ಮುಂದೆ ಇಲ್ಲ ಅನ್ನುವುದು ಹೇಗೆ? ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ತಂಡ ಹೋದ ಸಲ ಎಷ್ಟು ಗೋಲು ಹೊಡೆದಿತ್ತು ಅಂತ ಕೇಳಿದರು. ಒಂದು, ಅದೂ ಎದುರಾಳಿ ತಪ್ಪಿ ತನ್ನ ಗೋಲಿಗೇ ಹೊಡೆದುಕೊಂಡದ್ದು ಅಂದೆ. ಅಂಗಡಿಯವರು ದೇವರ ಫೋಟೋ ಕಡೆ ತಿರುಗಿ ಕೈಮುಗಿದರು.

ಒಂದು ನಿಮಿಷ ಮೌನ

ಪಂದ್ಯ ನಮಗೂ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದವರಿಗೂ. ನನ್ನ ಹೆಂಡತಿ ಬರುವುದಿಲ್ಲ ಅಂತ ಹಟ ಹಿಡಿದಿದ್ದಳು. ಪಂದ್ಯದ ದಿನ ಬೆಳಿಗ್ಗೆ ಭಾಯಿಯ ಹೆಂಡತಿ ಮನೆಗೇ ಬಂದರು. ನಾವೆಲ್ಲ ಅವರನ್ನು ಭಾಬಿ ಅನ್ನುತ್ತೇವೆ. ತಲೆ ತೋರಿಸದೆ ಊರೆಲ್ಲ ಸುತ್ತುವುದು ಹೇಗೆ ಅಂತ ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ನಗುತ್ತಾ, ತಮ್ಮದೇ ಒಂದು ದುಪಟ್ಟಾ ಸುತ್ತಿ ಪಿನ್ನು ಹಾಕಿ, ಕೈ ಹಿಡಿದು ಎಬ್ಬಿಸಿಕೊಂಡು ಬಂದರು.

ಮೈದಾನದ ಪಕ್ಕ ಇಬ್ಬರೂ ತಲೆ ಮುಚ್ಚಿಕೊಂಡು ಅಕ್ಕಪಕ್ಕ ಕುರ್ಚಿಯಲ್ಲಿ ಕೂತರು. ಕಾಯಿಲೆ ಇರುವುದು ಯಾರಿಗೆ ಅಂತ ಜನಕ್ಕೆ ತಿಳಿಯಲಿಲ್ಲ. ಭಾಬಿ ಸ್ವಲ್ಪ ಹೆಚ್ಚು ಮುಚ್ಚಿಕೊಂಡಿದ್ದರಿಂದ ಅವರೇ ಇರಬೇಕು ಅಂತ ಎಳನೀರು, ಬಾಳೆಹಣ್ಣು, ಕಣ್ಣೀರು ಎಲ್ಲ ಅವರ ಮಡಿಲಿಗೆ ಬಿತ್ತು. ಭಾಬಿ ಯಾರಿಗೂ ನಾನಲ್ಲ ಅನ್ನಲಿಲ್ಲ. ಗಂಭೀರವಾಗಿ ತಲೆಯಾಡಿಸುತ್ತಾ ಹಣ್ಣನ್ನೆಲ್ಲ ಪಕ್ಕಕ್ಕೆ ದಾಟಿಸುತ್ತಿದ್ದರು.

ಊರಲ್ಲಿ ಮದುವೆಯಿಂದ ಸತ್ತವರ ಹನ್ನೊಂದನೇ ದಿನದವರೆಗೆ ಎಲ್ಲಕ್ಕೂ ಮೈಕಿನವನು ಒಬ್ಬನೇ. ಎರಡು ಒಳ್ಳೆಯ ಮಾತಾಡಪ್ಪ ಅಂದರೆ, ಈ ಮಹಾಮಾರಿಗೆ ತುತ್ತಾದವರ ಗೌರವಾರ್ಥ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕು ಅಂದುಬಿಟ್ಟ. ಜನ ಎದ್ದರು, ಟೋಪಿ ತೆಗೆದರು. ನಾನು ಗೋಲಿನ ಕಂಬ ಹಿಡಿದು ನಿಂತುಬಿಟ್ಟೆ. ಹೊರಗೆ ಬರುವುದಿಲ್ಲ ಅಂದವಳನ್ನು ಕರೆತಂದು, ಬದುಕಿರುವಾಗಲೇ ಅವಳಿಗೆ ಮೌನಾಚರಣೆ ಮಾಡಿಸಿದೆವಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ. ಅವಳೂ ಎದ್ದು ತಲೆ ಬಗ್ಗಿಸಿ ನಿಂತಿದ್ದಳು. ಭುಜ ಎರಡೂ ನಡುಗುತ್ತಿದ್ದವು. ಅಳುತ್ತಿದ್ದಾಳೆ ಅನ್ನಿಸಿ ಮೈಕಿನವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಅವನು ಗಡಿಯಾರ ನೋಡಿಕೊಂಡು, ಗಂಟಲು ಸರಿ ಮಾಡಿಕೊಂಡು ಘೋಷಿಸಿದ: "ಅವರ ಆತ್ಮಕ್ಕೆ ಶಾಂತಿ ಸಿಗಲಿ. ಈಗ ಅವರೇ ಮುಂದೆ ಬಂದು, ಬಾಲ್ ಒದ್ದು, ಪಂದ್ಯ ಉದ್ಘಾಟನೆ ಮಾಡಬೇಕಂತ ಕೇಳ್ಕೊಳ್ತೀನಿ."

ಬಿಟ್ಟ ಬಾಲು, ಹಿಡಿದ ಬಾಲು

ನನ್ನ ಹೆಂಡತಿ ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟಳು. ಭಾಬಿಯೇ ಹೋಗಿ ಬಾಲು ಒದ್ದರು. ಆ ದಿನ ಮೈದಾನದಲ್ಲಿ ಬಿದ್ದ ಒದೆಗಳಲ್ಲೆಲ್ಲ ಅದೇ ಜೋರಾದ ಒದೆ.

ಟಾಸಿನ ಹೊತ್ತಿಗೆ ಭಾಯ್ ಜೊತೆ ದಲ್ಲಾಳಿಯೂ ಹೋಗಿದ್ದ. ತಿಪ್ಪಸಂದ್ರದ ಕ್ಯಾಪ್ಟನ್ ಎತ್ತು ಕಟ್ಟಿದ ರೈತ, ಸಂತೆಯ ಭಾಷೆ ಬಲ್ಲವನು. ಇಬ್ಬರೂ ಟವಲ್ಲಿನ ಕೆಳಗೆ ಬಹಳ ಹೊತ್ತು ಕೈಕುಲುಕಿದರು. ಆಮೇಲೆ ದಲ್ಲಾಳಿ ಭಾಯ್ ಕಡೆ ತಿರುಗಿ, ಮಾತಾಯಿತು, ಎರಡೂ ಕಡೆಯಿಂದ ಧಾರಾಳವಾಗಿ ಗೋಲು ಬೀಳುತ್ತವೆ, ಒಳ್ಳೇ ಕೆಲಸಕ್ಕಲ್ಲವಾ ಅಂದ.

ಹಾಗೇ ಆಯಿತು. ಬಾಲು ಬಂದಾಗೆಲ್ಲ ತಿಪ್ಪಸಂದ್ರದ ಗೋಲ್‌ಕೀಪರಿಗೆ ಫೋನು ಬರುತ್ತಿತ್ತು. ಈ ಕಡೆ ನನಗೆ ಶೂ ದಾರ ಬಿಚ್ಚಿಹೋಗುತ್ತಿತ್ತು. ಗೊಂಬೆ ಅಂಗಡಿಯವರು ಮೊದಲ ಗೋಲಿಗೆ ಚಪ್ಪಾಳೆ ತಟ್ಟಿದರು. ಆಮೇಲೆ ನಕ್ಕರು. ಆಮೇಲೆ ಎದ್ದು ನಿಂತರು. ಕೊನೆಗೆ ತಡೆಯಲಾರದೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ನೇರವಾಗಿ ಮೈದಾನಕ್ಕೆ ನುಗ್ಗಿ ತಿಪ್ಪಸಂದ್ರದವರ ಗೋಲಿನಲ್ಲಿ ಕೈ ಅಗಲಿಸಿ ನಿಂತುಬಿಟ್ಟರು. ಹಾಗೆಲ್ಲ ಆಡುವ ಹಾಗಿಲ್ಲ ಅಂತ ರೆಫರಿ ಹೇಳಿದರೆ, ದುಡ್ಡು ನನ್ನದು, ನಾನೇ ಕಾಯುತ್ತೇನೆ ಅಂದರು.

ಆ ಕಡೆ ಬಾಗಿಲು ಮುಚ್ಚಿತು. ಉಳಿದದ್ದು ನನ್ನ ಗೋಲು ಒಂದೇ. ಎರಡೂ ತಂಡದವರು ಒಟ್ಟಾಗಿ ನನ್ನ ಕಡೆಗೇ ನುಗ್ಗಿದರು. ನಮ್ಮ ಕ್ಯಾಪ್ಟನ್ ಭಾಯ್ ಸ್ವತಃ ಬಾಲು ಉರುಳಿಸಿಕೊಂಡು ಬಂದು, ಬಹಳ ಮೆಲ್ಲಗೆ ಒದ್ದರು. ಬಾಲು ತೆವಳುತ್ತಾ ಬರುತ್ತಿತ್ತು. ನಾನು ಶೂ ದಾರಕ್ಕೆ ಬಗ್ಗಿದೆ.

ಆಗ ಕೇಳಿಸಿತು.

"ಥೂ ನಿನ್ ಮಕಕ್ಕೆ ಬೆಂಕಿ ಹಾಕ. ಬಸ್ಸಾಗೆ ಮುದ್ಕೀರಿಗೆ ಕೊಡೋ ಒಂದ್ರುಪಾಯಿ ಚಿಲ್ರೆ ಕೈಯಿಂದ ಬುಡಾಕಿಲ್ಲ, ಕುಂಬ್ಳಕಾಯಷ್ಟು ದಪ್ಪ ಬಾಲು ಬುಟ್ಕಂಡು ಕುಂತವ್ನೆ ನೋಡು. ಹಿಡಿಯೋ ಅದ್ನ!"

ಇಡೀ ಮೈದಾನ ಗೊಳ್ಳೆಂದು ನಕ್ಕಿತು. ನಾನು ತಲೆ ಎತ್ತಿದೆ. ನನ್ನ ಹೆಂಡತಿ ಗೆರೆ ದಾಟಿ ಬಂದು, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ದುಪಟ್ಟಾ ಜಾರಿ ಭುಜಕ್ಕೆ ಬಿದ್ದಿತ್ತು. ಅವಳಿಗೆ ಅದರ ಗಮನವೇ ಇರಲಿಲ್ಲ. ಅವಳ ತಲೆಯನ್ನು ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡಿ ನಗುತ್ತಿದ್ದದ್ದು ನನ್ನನ್ನು.

ಎಷ್ಟು ತಿಂಗಳಿಂದ ಕಾದಿದ್ದ ಬೈಗುಳ. ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೋ, ಅವಳು ಹೇಳಿದ್ದನ್ನು ಮಾಡಿಯೇ ರೂಢಿಯಾಗಿದ್ದಕ್ಕೋ, ಒಂದೇ ಸಲಕ್ಕೆ ಹಾರಿ ಬಿದ್ದು ಬಾಲನ್ನು ಅಪ್ಪಿಕೊಂಡೆ. ಪಂದ್ಯದಲ್ಲಿ ನಾನು ತಡೆದ ಗೋಲು ಅದೊಂದೇ. ಭಾಯ್ ತಲೆಯ ಮೇಲೆ ಕೈ ಹೊತ್ತುಕೊಂಡು ಬಂದು, "ಅಣ್ಣ, ಐದು ಸಾವಿರ ತಬ್ಕೊಂಡು ಬಿದ್ದಿದ್ದೀರಲ್ಲ" ಅಂದರು. ಆಮೇಲೆ ನನ್ನ ಮುಖ ನೋಡಿದರು, ಅವಳ ಕಡೆ ನೋಡಿದರು, ಪಕ್ಕದಲ್ಲೇ ಕೂತು ನನ್ನ ಬೆನ್ನು ತಟ್ಟಿದರು. ಮೌನಾಚರಣೆಯಲ್ಲಿ ಅವಳ ಭುಜ ನಡುಗಿದ್ದು ಅಳುವಿನಿಂದಲ್ಲ, ನಗು ತಡೆಯಲಾರದೆ ಅಂತ ಭಾಬಿ ಹೇಳಿದ್ದು ಆಮೇಲೆ.

ಆಟ ಮುಗಿದ ಮೇಲೆ ಗೊಂಬೆ ಅಂಗಡಿಯವರು ಒಪ್ಪಿದಷ್ಟನ್ನೂ ಕೊಟ್ಟರು. ಒಂದು ಪೈಸೆ ಹಿಂದೆಮುಂದೆ ನೋಡಲಿಲ್ಲ. ಆದರೆ ಕೈಮುಗಿದು ಒಂದು ಮಾತು ಹೇಳಿದರು: "ಬರೋ ವರ್ಷ ಗೋಲಿನ ಲೆಕ್ಕ ಬೇಡ. ಈ ತಾಯಿ ಬೈದಿದ್ದಕ್ಕೆ ಇಷ್ಟು ಅಂತ ಕೊಡ್ತೀನಿ, ಅದೇ ನಂಗೆ ಲಾಭ."

ದಲ್ಲಾಳಿ ತಕ್ಷಣ ಸೊಂಟದಿಂದ ಟವಲ್ ಬಿಚ್ಚಿ ಕೈ ಚಾಚಿದ. ನನ್ನ ಹೆಂಡತಿ ಆ ಟವಲ್ಲನ್ನು ಕಿತ್ತುಕೊಂಡಳು. ತನ್ನ ಬಾಯಿಗೆ ಬೆಲೆ ಕಟ್ಟಲು ಇವನ್ಯಾರು, ಇವನ ಮನೆ ಎಮ್ಮೆಯಾ ತಾನು ಅಂತ ಅವನಿಗೂ ಒಂದು ಸುತ್ತು ಮಂಗಳಾರತಿ ಎತ್ತಿದಳು. ಬೈಗುಳ ಒಂದಕ್ಕೆ ಹತ್ತು ಸಾವಿರ, ಟ್ರಸ್ಟಿನವರಿಗೆ ನೇರವಾಗಿ ಕಟ್ಟಬೇಕು, ಚೌಕಾಸಿ ಇಲ್ಲ ಅಂತ ಬಯಲಲ್ಲೇ ಹೇಳಿದಳು. ಅಂಗಡಿಯವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಪ್ಪಿದರು.

ಹೀಗಾಗಿ ಈಗ ಊರಿನವರಿಗೆಲ್ಲ ನನ್ನ ಹೆಂಡತಿಯ ಬೈಗುಳಕ್ಕೆ ರೇಟು ಇದೆ. ಪುಕ್ಕಟೆ ಸಿಗುವುದು ನನಗೊಬ್ಬನಿಗೆ, ಕಾಫಿಯ ಜೊತೆ ಒಂದು, ಊಟದ ಜೊತೆ ಎರಡು.